ಮರದ ಮೇಲೆ ಕಾಕ್ ಫತಾಹ್

ನಮ್ಮ ಕಾನಿಸಾರಿನ ಜನ ಬಹಳ ಮರ್ಯಾದಸ್ಥರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕೊನೆಗೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಊರಿನ ಮೇಲಿನ ಗುಡ್ಡದಲ್ಲಿ ಮರಗಳ ಕವಲಿನೊಳಗೆ ಚಳಿಗಾಲವಿಡೀ ಸೊಪ್ಪಿನ ಬಣವೆಗಳು ಕಾವಲಿಲ್ಲದೆ ಕೂತಿರುತ್ತವೆ. ಒಬ್ಬನ ಬಣವೆಯಿಂದ ಇನ್ನೊಬ್ಬ ಒಂದು ಕಟ್ಟು ಎತ್ತಿದ್ದನ್ನು ಈವರೆಗೆ ಯಾರೂ ಕೇಳಿಲ್ಲ. ಬಾನೆ ಪೇಟೆಯವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಏರಿಸಲಿ. ಗೆಲಾವೇಜಳ ಮರಗಳನ್ನು ಕಸಿದುಕೊಂಡವರು ಕಳ್ಳರಲ್ಲ, ಈ ಮರ್ಯಾದಸ್ಥರೇ.

ಮರವೆಂದರೆ ಬರೂ, ನಮ್ಮ ಗುಡ್ಡದ ಓಕ್. ಹಿಮ ಬಿದ್ದು ನೆಲ ಮುಚ್ಚಿದ ಮೇಲೆ ಆಡುಗಳ ಹೊಟ್ಟೆಗೆ ಅದರ ಒಣಸೊಪ್ಪೇ ಗತಿ. ಪ್ರತಿ ಮನೆಗೂ ತನ್ನದೊಂದು ಬರೂ ತೋಪು. ಅದಕ್ಕೆ ಕಾಗದವಿಲ್ಲ, ಬೇಲಿಯಿಲ್ಲ. ತೋಪನ್ನು ಮೂರು ಪಾಲು ಮಾಡಿಕೊಂಡು ವರ್ಷಕ್ಕೊಂದು ಪಾಲು ಸವರುತ್ತಾರೆ. ಕೊನೆಯ ಪಾಲು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ತುಂಬಿಕೊಂಡಿರುತ್ತದೆ. ಅದು ಒಂದು ಸುತ್ತು. ಯಾರ ಕೈ ಮೂರು ಸುತ್ತು ತಕರಾರಿಲ್ಲದೆ ಮರಕ್ಕೆ ಬೀಳುತ್ತದೋ ಆ ಮರ ಅವರದು. ಸಾಕ್ಷಿ ಯಾರೆಂದರೆ ದಾರಿಯಲ್ಲಿ ಹೋಗುವ ಊರವರ ಕಣ್ಣು. ಅದಕ್ಕೇ ನಮ್ಮಲ್ಲಿ ಮರದ ಮೇಲೆ ಮಚ್ಚಿನ ಸದ್ದು ಕೇಳಿದರೆ ಯಾರೂ ಸುಮ್ಮನೆ ಮುಂದೆ ಹೋಗುವುದಿಲ್ಲ. ತಲೆಯೆತ್ತಿ, ಹೆಸರು ಹಿಡಿದು, ದಣಿವಾಗದಿರಲಿ ಎಂದು ಕೂಗಿಯೇ ಹೋಗುತ್ತಾರೆ. ಆ ಕೂಗೇ ನಮ್ಮ ಮೊಹರು.

ಮರ ಹತ್ತುವುದು ಗಂಡಸರ ಕೆಲಸ. ಕೆಳಗೆ ಬಿದ್ದ ಕೊಂಬೆ ಆಯುವುದು, ಕಟ್ಟು ಕಟ್ಟುವುದು, ಒಣಗಿಸುವುದು, ಹೊರುವುದು ಹೆಂಗಸರದು. ಹೆಂಗಸು ಮರ ಹತ್ತಿದಳೆಂದರೆ ಆ ಮನೆಯ ಗಂಡಸರೆಲ್ಲ ಮಣ್ಣಾಗಿದ್ದಾರೆ ಎಂದೇ ಅರ್ಥ. ಯಾರು ಮಾಡಿದ ಕಟ್ಟಳೆಯೋ! ಹೊರುವ ಹೊರೆಯ ಭಾರ ಕಂಡವರು ಮಾಡಿದ್ದಂತೂ ಅಲ್ಲ.

ಗೆಲಾವೇಜಳ ಅಪ್ಪ ಹಮಮೀನ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಬೇಸಿಗೆಯಲ್ಲಿ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ತಾಯಿ ಮೊದಲೇ ತೀರಿಹೋಗಿದ್ದಳು. ಅಣ್ಣ ಫತಾಹ್ ಸೈನ್ಯದ ಕಡ್ಡಾಯ ಸೇವೆಗೆ ಹೋಗಿದ್ದ. ಸೊಪ್ಪು ಬಲಿತು ನಿಂತಿತ್ತು. ಇನ್ನು ಸ್ವಲ್ಪ ದಿನ ಬಿಟ್ಟರೆ ಹಳದಿಯಾಗಿ ಉದುರುತ್ತದೆ. ನೆಂಟರು ಬಂದು, "ನಾವು ಸವರಿಕೊಡ್ತೀವಿ ಬಿಡು," ಎಂದರು. ಹಮಮೀನ್ ಮಲಗಿದಲ್ಲಿಂದಲೇ ಕೈಮುಗಿದು ಬೇಡವೆಂದ. ಈ ಸಲ ಸಹಾಯ ಎಂದು ಬೀಳುವ ಕೈ ಮುಂದಿನ ಸಲ ರೂಢಿಯಾಗುತ್ತದೆ, ಅದರ ಮುಂದೆ ಹಕ್ಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸ್ವಂತ ಚಿಕ್ಕಪ್ಪನ ಮರಗಳನ್ನು ಅವನೇ ಹಾಗೆ ಪಡೆದಿದ್ದ.

ನೆಂಟರು ಹೋದ ಮೇಲೆ ಅವನು ಮಗಳನ್ನು ಕರೆದ.

"ಗೆಲೆ, ಗೂಟದ ಮೇಲೆ ನಿನ್ನ ಅಣ್ಣನ ಬಟ್ಟೆ ಇದೆ ನೋಡು."

"ಒಗೀಬೇಕಾ ಬಾಬಾ?"

"ಹಾಕ್ಕೋಬೇಕು."

ಅವಳು ನಕ್ಕಳು. ಅಪ್ಪ ನಗಲಿಲ್ಲ. ಮರುದಿನ ಬೆಳಗ್ಗೆ ಫತಾಹನ ದೊಗಲೆ ಶಲ್ವಾರು ತೊಟ್ಟು, ಸೊಂಟಕ್ಕೆ ಅವನ ಪಟ್ಟಿ ಬಿಗಿದು, ಜಡೆಯನ್ನು ಅವನ ರುಮಾಲಿನೊಳಗೆ ತುರುಕಿಕೊಂಡು ಗೆಲಾವೇಜ್ ಮರ ಹತ್ತಿದಳು. ಎಲ್ಲಿ ಕಡಿಯಬೇಕು, ಯಾವ ಕೊಂಬೆ ಉಳಿಸಬೇಕು ಎಂಬುದನ್ನು ಕೆಳಗಿಂದ ನೋಡಿ ನೋಡಿ ಕಲಿತಿದ್ದಳು, ಆದರೆ ಮೇಲಿಂದ ನೋಡಿದರೆ ಅದೇ ಮರ ಬೇರೆ ಥರ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ರುಮಾಲು ಸಡಿಲಾಗಿ ಜಡೆ ಬೆನ್ನ ಮೇಲೆ ಜಾರಿತು. ಸರಿಯಾಗಿ ಅದೇ ಹೊತ್ತಿಗೆ ದಾರಿಯಲ್ಲಿ ಕೋಲೂರಿಕೊಂಡು ಬಂದವನು ಮಾಮ್ ವಾಹೇದ್. ಆಗಲೂ ಅವನು ಊರಿನ ಹಿರಿಯನೇ, ಅವನ ಮಾತಿನ ಮೇಲೆ ಮಾತಿಲ್ಲ. ಮಾಮ್ ಎಂದರೆ ನಮ್ಮಲ್ಲಿ ಎಲ್ಲರಿಗೂ ಚಿಕ್ಕಪ್ಪ.

ಅವನು ತಲೆಯೆತ್ತಿದ. ಜಡೆ ನೋಡಿದ. ಮುಖ ನೋಡಿದ. ಗೆಲಾವೇಜ್ ಕೊಂಬೆ ತಬ್ಬಿಕೊಂಡು, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು.

"ದಣಿವಾಗ್ದಿರ್ಲಿ ಕಾಕ್ ಫತಾಹ್!" ಎಂದು ಮಾಮ್ ವಾಹೇದ್ ಗಟ್ಟಿಯಾಗಿ ಕೂಗಿದ. ಕಾಕ್ ಎಂದರೆ ಅಣ್ಣ. ಕೂಗಿ, ನೆಲ ನೋಡುತ್ತ ಹೋಗಿಬಿಟ್ಟ.

ಅವಳು ಮರದ ಮೇಲೆಯೇ ಅತ್ತಳು. ಸಂತೋಷಕ್ಕೆ ಅತ್ತಳು, ಅದನ್ನೂ ಹೇಳಬೇಕು. ಎಂಥ ದೊಡ್ಡ ಮನಸ್ಸು ಈ ಮುದುಕನದು, ಅಪ್ಪನ ಮಾನ ಉಳಿಸಿಬಿಟ್ಟನಲ್ಲ ಎಂದು. ಸಂಜೆಯೊಳಗೆ ಊರಿಗೆಲ್ಲ ಹೇಗೋ ತಿಳಿದಿತ್ತು. ಆಮೇಲೆ ಯಾರೇ ಆ ದಾರಿಯಲ್ಲಿ ಬರಲಿ, ಮರದತ್ತ ನೋಡಿ, "ದಣಿವಾಗ್ದಿರ್ಲಿ ಕಾಕ್ ಫತಾಹ್!" ಎನ್ನುತ್ತಿದ್ದರು. ದನಿ ಬಿಟ್ಟರೆ ಹೆಣ್ಣೆಂದು ಗೊತ್ತಾಗುತ್ತದಲ್ಲ, ಹಾಗಾಗಿ ಅವಳು ಬಾಯಿ ಬಿಡದೆ ಮಚ್ಚು ಹಿಡಿದ ಕೈಯನ್ನು ಮೇಲೆತ್ತುತ್ತಿದ್ದಳು. ಅಷ್ಟೇ ಉತ್ತರ. ಊರಿಗೆ ಊರೇ ಸೇರಿ ಆಡಿದ ಆಟ ಅದು, ಒಬ್ಬರಾದರೂ ತಪ್ಪಿ ಬೇರೆ ಹೆಸರು ಹೇಳಲಿಲ್ಲ.

ಗೇಲಿಯೆಲ್ಲ ನೀರಿನ ಬುಗ್ಗೆಯ ಹತ್ತಿರ, ಹೆಂಗಸರ ನಡುವೆ. ಪಕ್ಕದ ಮನೆಯ ಪೂರ ಆಯ್ಶೆಯ ಬಾಯಿಗಂತೂ ಬೀಗವಿರಲಿಲ್ಲ. ಪೂರ ಎಂದರೆ ಅತ್ತೆ. ಅವಳು ಊರಿಗೇ ಅತ್ತೆ.

"ಏನ್ ಫತಾಹ್ ಸಾಹೇಬ್ರೇ, ಮೀಸೆ ಬಂತಾ?"

"ಬಂತು ಪೂರ. ನಿಮ್ ಯಜಮಾನ್ರದಕ್ಕಿಂತ ದಟ್ಟವಾಗಿದೆ."

"ಅಯ್ಯೋ ಅವ್ರದೇನು ಮೀಸೆನಾ, ಹೋತದ ಗಡ್ಡ! ನೀನು ಗಂಡಾಗಿದ್ದಿದ್ರೆ ಅವತ್ತೇ ನಿನ್ ಜೊತೆ ಓಡಿಬರ್ತಿದ್ದೆ ಕಣೇ."

ಫತಾಹ್ ಸೈನ್ಯದಿಂದ ವಾಪಸು ಬಂದ, ಆದರೆ ಊರಿಗಲ್ಲ. ಬಾನೆಯ ಪೇಟೆಯಲ್ಲಿ ಟೀವಿ, ಫ್ರಿಜ್ಜು ಮಾರುವ ಅಂಗಡಿಗೆ ಸೇರಿಕೊಂಡ, ಆಮೇಲೆ ತನ್ನದೇ ಅಂಗಡಿ ಮಾಡಿದ, ಅಂಗಡಿಯ ಜೊತೆಗೆ ಹೊಟ್ಟೆಯನ್ನೂ ಬೆಳೆಸಿದ. ಹಬ್ಬಕ್ಕೆ ಮಿಠಾಯಿ ಡಬ್ಬಿ ಹಿಡಿದು ಬಂದು, ಚಹಾ ಕುಡಿದು, ಒಣಗಿದ ಮೊಸರುಂಡೆಯ ಚೀಲ ಹೊತ್ತು ಹೋಗುತ್ತಿದ್ದ. ಅವನ ಹಳೆಯ ಶಲ್ವಾರು ಮಾತ್ರ ಗೂಟದಲ್ಲೇ ಉಳಿಯಿತು. ಅದಕ್ಕೆ ತೇಪೆ ಹಾಕಿ ಹಾಕಿ, ಮೂಲ ಬಟ್ಟೆ ಯಾವುದು ತೇಪೆ ಯಾವುದು ಎಂದು ತಿಳಿಯದ ಹಾಗಾಗಿತ್ತು.

ವರ್ಷ ಕಳೆದಂತೆ ಮರಗಳು ಗೆಲಾವೇಜಳ ಕೈಯಲ್ಲಿ ಪಳಗಿದವು. ಹಮಮೀನ್ ಬುಡದವರೆಗೂ ಬೋಳಿಸುತ್ತಿದ್ದ. ಇವಳು ಮರದ ಪ್ರತಿ ಕವಲಲ್ಲೂ ಒಂದು ಮರಿಕೊಂಬೆ ಬಿಟ್ಟು ಸವರುವಳು. ಇವಳ ತೋಪಿನ ಮರಗಳು ಬಟ್ಟಲು ಹಿಡಿದಂತೆ ಮೇಲೆ ಅಗಲವಾದವು, ಬಣವೆ ಕೂರಲು ಹೇಳಿಮಾಡಿಸಿದ ಹಾಗೆ. ಹಿಮ ಜಾಸ್ತಿ ಬಿದ್ದ ವರ್ಷವೂ ಇವಳ ಬಣವೆಯ ಒಳಸೊಪ್ಪು ಹಸುರಾಗಿಯೇ ಬಿಚ್ಚಿಕೊಳ್ಳುತ್ತಿತ್ತು, ಇವಳ ಆಡುಗಳು ಸೊರಗುತ್ತಿರಲಿಲ್ಲ. ಆಚೆ ಊರಿಂದ ಹೆಣ್ಣು ಕೇಳಿಕೊಂಡು ಬಂದರು. ಹುಡುಗ ಒಳ್ಳೆಯವನೇ. ಅವನು ಅಂಗಳದಲ್ಲಿ ಬೂಟು ಬಿಚ್ಚುವಾಗ ಸಂದಿಯಿಂದ ನೋಡಿ ಅವಳಿಗೂ ಇಷ್ಟವಾಗಿತ್ತು. ಅಪ್ಪ ಗೂಟದ ಮೇಲಿನ ಶಲ್ವಾರನ್ನೇ ನೋಡುತ್ತಿದ್ದ. ಅವಳೇ ಬೇಡವೆಂದಳು.

ಅವತ್ತು ಹಮಮೀನ್ ಅವಳ ತಲೆಯ ಮೇಲೆ ಕೈಯಿಟ್ಟು, "ಈ ಮರ ನಿಂದೇ ಕಣೇ ಗೆಲೆ. ನಿನ್ನ ಕೈ ಬಿದ್ದಿದೆ. ಯಾರೂ ಕಸ್ಕೊಳಕ್ಕಾಗಲ್ಲ," ಎಂದ. ಹೇಳಿದ್ದು ಬಾಗಿಲು ಮುಚ್ಚಿಕೊಂಡು. ಹೊರಗೆ ಹೇಳಬೇಕಾದ ಮಾತನ್ನು ಒಳಗೆ ಹೇಳಿದ ಪುಣ್ಯಾತ್ಮ.

ಗೆಲಾವೇಜಳ ಜಡೆ ನರೆಯತೊಡಗಿದ ವರ್ಷ, ವಸಂತದ ಕೊನೆಯಲ್ಲಿ ಹಮಮೀನ್ ಸತ್ತ. ದುಃಖಕ್ಕೆ ಬಂದವರೆಲ್ಲ ಎದ್ದುಹೋದ ಮೇಲೆ ಫತಾಹ್ ಗೋಡೆಗೊರಗಿ ಕೂತು, ಹಲ್ಲಿನ ನಡುವೆ ಸಕ್ಕರೆ ಗಟ್ಟಿ ಇಟ್ಟುಕೊಂಡು ಚಹಾ ಹೀರುತ್ತ ತಂಗಿಗೆ ಹೇಳಿದ:

"ಗೆಲೆ, ಇನ್ನು ನೀನೊಬ್ಳೇ ಇಲ್ಲಿ ಏನ್ ಮಾಡ್ತೀಯ? ನಮ್ಮನೇಗೆ ಬಂದ್ಬಿಡು. ನಿನ್ ಅತ್ತಿಗೇಗೂ ಅಡುಗೆಮನೇಲಿ ಒಂದು ಕೈ ಆಗತ್ತೆ."

"ಆಡುಗಳು?"

"ಮಾರೋಣ."

"ಮರ?"

"ನೆಂಟರಿಗೆ ಪಾಲಿಗೆ ಕೊಡ್ತೀನಿ. ಅವ್ರು ಸವರ್ಕೊಂಡು ಅರ್ಧ ಸೊಪ್ಪು ಕೊಡ್ತಾರೆ. ಬಾನೇಲೂ ಸೊಪ್ಪಿಗೆ ಗಿರಾಕಿ ಇದಾರೆ."

"ಕಾಕ, ಆ ಮರ ನಿಂದಲ್ಲ. ನಂದು."

ಫತಾಹ್ ಗ್ಲಾಸು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಇಷ್ಟು ವರ್ಷ ತಾನೇ ಮರ ಹತ್ತುತ್ತಿದ್ದೇನೆ ಎಂದು ಅವನೂ ನಂಬಿಬಿಟ್ಟಿದ್ದನೋ ಏನೋ. ದಿನಾ ಹತ್ತಾರು ಜನ ತನ್ನ ಹೆಸರು ಹಿಡಿದು ಮರಕ್ಕೆ ಕೂಗುತ್ತಾರೆ ಎಂದರೆ ಯಾವ ಗಂಡಸು ನಂಬುವುದಿಲ್ಲ ಹೇಳಿ.

ಮಾತು ಹಿರಿಯರ ಮುಂದೆ ಹೋಯಿತು. ಗೆಲಾವೇಜಳೇ ಒಯ್ದಳು. ಭಯವೇ ಇರಲಿಲ್ಲ ಅವಳಿಗೆ. ಕಣ್ಣಾರೆ ಕಂಡ ಊರೇ ಇದೆಯಲ್ಲ! ತೋಪು ಉಳಿದರೆ ಆಡು ಉಳಿಯುತ್ತವೆ, ಆಡು ಉಳಿದರೆ ತನ್ನ ಬಾಗಿಲು, ತನ್ನ ಒಲೆ, ತನ್ನ ಮಾತು ಉಳಿಯುತ್ತದೆ. ಇಲ್ಲದಿದ್ದರೆ ಅತ್ತಿಗೆಯ ಪಾತ್ರೆ ತೊಳೆಯುತ್ತ ಮುದುಕಿಯಾಗಬೇಕು. ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಕಂಬಳಿ ಹಾಸಿ, ಎಲ್ಲರಿಗೂ ಚಹಾ ಕೊಟ್ಟು, ಬಾಗಿಲ ಬಳಿ ಕೂತಳು. ಅವಳ ಪಕ್ಕದಲ್ಲಿ ಪೂರ ಆಯ್ಶೆ, "ಹೆದರ್ಬೇಡ್ವೇ, ನಾನಿಲ್ವಾ," ಎಂದು ಅವಳ ತೊಡೆ ತಟ್ಟುತ್ತಿದ್ದಳು.

ಮಾಮ್ ವಾಹೇದನಿಗೆ ಈಗ ಕಣ್ಣ ರೆಪ್ಪೆಯೂ ಬಿಳಿ. ಅವನು ಗಡ್ಡ ನೀವಿಕೊಂಡು ಕೇಳಿದ: "ಹಮಮೀನ್ ಬಿದ್ದ ಮೇಲೆ ಈ ತೋಪು ಸವರ್ತಾ ಇದ್ದೋರು ಯಾರು? ಕಂಡೋರು ಹೇಳಿ."

ಒಬ್ಬ ಚಹಾದ ತಟ್ಟೆಗೆ ಹೇಳುವವನಂತೆ, "ಫತಾಹ್," ಎಂದ.

"ನಾನು ಕಂಡಿದ್ದೂ ಫತಾಹನ್ನೇ," ಎಂದ ಇನ್ನೊಬ್ಬ.

"ನಾನು ಯಾವಾಗ ಹೋದ್ರೂ ಕಾಕ್ ಫತಾಹ್ ಅಂತಾನೇ ಕೂಗಿದೀನಿ. ಸುಳ್ ಯಾಕ್ ಹೇಳ್ಲಿ?"

ಸುಳ್ಳಲ್ಲ ಅದು, ನೋಡಿ. ಅವನು ಕೂಗಿದ್ದು ಅದನ್ನೇ. ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಒಬ್ಬನೂ ಗೆಲಾವೇಜಳ ಕಡೆ ನೋಡಲಿಲ್ಲ.

ಅವಳು ಎದ್ದು ನಿಂತಳು. "ಅವನು ಪೇಟೇಲಿದ್ದ! ಅವನ ಅಂಗಡೀಗೆ ಹೋಗಿ ನೀವೇ ಟೀವಿ ತಂದಿದೀರ! ಮರದ ಮೇಲಿದ್ದೋಳು ನಾನು. ನನ್ನ ಕೈ ನೋಡಿ, ಇದು ಹಿಟ್ಟು ನಾದಿದ ಕೈನಾ? ಇಲ್ಲಾಂದ್ರೆ ಅವನಿಗೇ ಆ ಶಲ್ವಾರು ಹಾಕ್ಕೊಂಡು ಈಗ್ಲೇ ಮರ ಹತ್ತಕ್ಕೆ ಹೇಳಿ!"

ಯಾರೋ ಕಿಸಕ್ಕನೆ ನಕ್ಕರು. ಆ ಶಲ್ವಾರಿಗೆ ಈಗ ಫತಾಹನ ಒಂದು ಕಾಲು ತೂರಿದರೆ ಅದೇ ಹೆಚ್ಚು. ಫತಾಹ್ ಕಿವಿಯವರೆಗೂ ಕೆಂಪಾಗಿ, "ಪೇಟೆ ನೀರಿಗೆ ಮೈ ಬಂದಿದೆ, ಏನ್ ಮಾಡ್ಲಿ," ಎಂದ.

"ಪೂರ, ನೀವ್ ಹೇಳಿ," ಎಂದು ಗೆಲಾವೇಜ್ ತಿರುಗಿದಳು. "ಬುಗ್ಗೆ ಹತ್ರ ದಿನಾ ನನ್ನ ಮೀಸೆ ಕೇಳ್ತಿದ್ರಲ್ಲ, ಹೇಳಿ!"

ಪೂರ ಆಯ್ಶೆಯ ಗಂಡ ಕಂಬಳಿಯ ಮೇಲಿಂದ ಒಮ್ಮೆ ಇತ್ತ ನೋಡಿದ, ಅಷ್ಟೇ. ತೊಡೆ ತಟ್ಟುತ್ತಿದ್ದ ಕೈ ನಿಂತಿತು. "ನಾನು ಕೊಡ ಹೊತ್ಕೊಂಡು ಹೋಗೋಳಮ್ಮ," ಎಂದಳು ಆಯ್ಶೆ. "ತಲೆ ಮೇಲೆ ನೀರಿರತ್ತೆ. ಕತ್ತೆತ್ತಿ ಮರ ನೋಡಕ್ಕಾಗತ್ತಾ?"

ಥೂ! ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಾಮ್ ವಾಹೇದ್ ಕೋಲಿನಿಂದ ನೆಲ ಕುಟ್ಟಿದ. ಅವನ ದನಿ ಮೆತ್ತಗಿತ್ತು, ನಿಜವಾಗಿಯೂ ಮರುಕವಿತ್ತು. "ಮಗಳೇ, ಕೂತ್ಕೋ. ನಾನು ಮರದ ಮೇಲೆ ಹೆಣ್ಣನ್ನ ಕಂಡೆ ಅಂತ ಹೇಳಿದ್ರೆ ಏನ್ ಹೇಳಿದ ಹಾಗಾಯ್ತು? ಹಮಮೀನ್ ತನ್ನ ವಯಸ್ಸಿಗೆ ಬಂದ ಮಗಳಿಗೆ ಗಂಡಸಿನ ಬಟ್ಟೆ ತೊಡಿಸಿ ಮರ ಹತ್ತಿಸಿದ ಅಂತ. ಮಣ್ಣಲ್ಲಿ ಮಲಗಿರೋನ ಮೈಮೇಲಿನ ಬಟ್ಟೆ ಎಳೀಲಾ ನಾನು? ನೀನು ಎಳೀತೀಯಾ?"

"ನನ್ ಮೈಮೇಲಿಂದು ಎಳೀತಿದೀರಲ್ಲ ಮಾಮ್ ವಾಹೇದ್!"

"ಕೂತ್ಕೋ ಅಂದೆ."

ತೀರ್ಮಾನವಾಯಿತು. ತೋಪು ಫತಾಹನದು. ತಂಗಿಯ ಅನ್ನಕ್ಕೆ ಕೊರತೆಯಾಗದಂತೆ ಅವನು ನೋಡಿಕೊಳ್ಳತಕ್ಕದ್ದು. ಎಲ್ಲರೂ ಅಂಗೈ ಮೇಲೆತ್ತಿ ಹಮಮೀನನ ಆತ್ಮಕ್ಕೆ ಫಾತೇಹಾ ಓದಿ, ಅವಳದೇ ಚಹಾ ಕುಡಿದು, ಅವಳದೇ ರೊಟ್ಟಿ ತಿಂದು ಎದ್ದರು.

ಫತಾಹ್ ಪೇಟೆಗೆ ಹೊರಡುವ ಮುಂಚೆ ದೊಡ್ಡ ಮನಸ್ಸು ಮಾಡಿದ. ಈ ಜನರ ದೊಡ್ಡ ಮನಸ್ಸಿಗೇನು ಬರವೇ! ಪಾಲಿಗೆ ಸವರಬೇಕಿದ್ದ ನೆಂಟರು ಕೆಟ್ಟ ಹೆಸರು ಬೇಡವೆಂದು ಹಿಂದೆ ಸರಿದಿದ್ದರು; ಅದನ್ನು ಮಾತ್ರ ಅವನು ಹೇಳಲಿಲ್ಲ.

"ನೋಡು ಗೆಲೆ, ನೀನೂ ಬೇಜಾರ್ ಮಾಡ್ಕೋಬೇಡ. ಪೇಟೇಗೆ ಬರ್ಬೇಡ, ಇಲ್ಲೇ ಇರು. ಮುಂಚಿನ ಹಾಗೇ ನೀನೇ ಸವರು. ಅರ್ಧ ಸೊಪ್ಪು ನನಗೆ, ಅರ್ಧ ನಿಂಗೆ. ಬಟ್ಟೆ ಗೂಟದಲ್ಲೇ ಇದೆ."

ಸೊಪ್ಪು ಬಲಿಯುವವರೆಗೂ ಅವಳು ಯಾರ ಜೊತೆಯೂ ಮಾತಾಡಲಿಲ್ಲ. ಪೂರ ಆಯ್ಶೆ ಬೇಲಿಯ ಮೇಲಿಂದ ಒಂದು ತಟ್ಟೆ ಕಾಡುಬೆಳ್ಳುಳ್ಳಿ ಸೊಪ್ಪಿನ ರೊಟ್ಟಿ ಇಟ್ಟಳು. ಅದನ್ನು ಕೋಳಿ ತಿಂದವು.

ಒಳಗೊಳಗೇ ಅವಳು ಲೆಕ್ಕ ಹಾಕುತ್ತಿದ್ದಳು. ಕಂಡ ಕೈಗೆ ಹಕ್ಕು, ಅದೇ ತಾನೇ ಊರಿನ ನೇಮ? ಕಾಣಲಿ ಹಾಗಾದರೆ. ಹೋದದ್ದು ಹೋಯಿತು. ಇವತ್ತಿನಿಂದ ಹೊಸ ಸುತ್ತು. ಶಲ್ವಾರಿಲ್ಲ, ರುಮಾಲಿಲ್ಲ. ಮೂರು ಸುತ್ತು ಮುಗಿಯುವ ಹೊತ್ತಿಗೆ ಮಂಡಿ ಹೋಗಿರುತ್ತದೆ, ಹೋಗಲಿ. ಈಗ ಅಪ್ಪನೂ ಇಲ್ಲ. ಅವನು ಹತ್ತಿಸಿದ ಎನ್ನುವಂತಿಲ್ಲ, ನಾನೇ ಹತ್ತಿದೆ. ಗೆಲಾವೇಜ್ ಮರ ಹತ್ತಿದಳು ಎಂದು ಬೈಯಲಿ, ಉಗಿಯಲಿ, ಕಲ್ಲು ಬೇಕಾದರೂ ಎಸೆಯಲಿ. ಬೈಯಬೇಕಾದರೂ ಹೆಸರು ಹೇಳಲೇಬೇಕಲ್ಲ!

ಶುಕ್ರವಾರ ನೋಡಿಯೇ ಹೊರಟಳು. ಪೆಟ್ಟಿಗೆಯ ತಳದಿಂದ ಕೆಂಪು ನಿಲುವಂಗಿ ತೆಗೆದಳು, ಎದೆಯ ತುಂಬ ಮಿಣಿಮಿಣಿ ಬಿಲ್ಲೆ ಇರುವಂಥದ್ದು, ಮದುವೆಗೆಂದು ಹೊಲಿಸಿ ಮಡಿಸಿಟ್ಟಿದ್ದು. ಅದರ ಉದ್ದ ತೋಳುಗಳನ್ನು ಬೆನ್ನ ಹಿಂದೆ ಗಂಟು ಹಾಕಿಕೊಂಡಳು. ತಲೆಗೆ ಏನೂ ಕಟ್ಟಲಿಲ್ಲ. ನರೆತ ಜಡೆಯನ್ನು ಎದೆಯ ಮುಂದೆ ಬಿಟ್ಟುಕೊಂಡಳು. ಮಚ್ಚು ಸೊಂಟಕ್ಕೆ ಸಿಕ್ಕಿಸಿ, ಗುಡ್ಡದ ಮಸೀದಿಯಿಂದ ಬರುವ ದಾರಿಯ ಮೇಲೆಯೇ ಬಾಗಿ ನಿಂತ ತನ್ನ ತೋಪಿನ ದೊಡ್ಡ ಬರೂ ಮರ ಹತ್ತಿದಳು. ಎಲೆಯೆಲ್ಲ ಹಸುರು, ನಡುವೆ ಅವಳೊಬ್ಬಳು ಕೆಂಪು. ಕುರುಡನಿಗೂ ಕಾಣಬೇಕು.

ನಮಾಜು ಮುಗಿಸಿ ಜನ ಬಂದರು. ಮುಂದಿದ್ದವರು ತಲೆಯೆತ್ತಿದವರೇ ಹಾಗೇ ನಿಂತುಬಿಟ್ಟರು. ಹಿಂದಿನವರು ಬಂದು ಅವರ ಬೆನ್ನಿಗೆ ತಗುಲಿದರು. ಗೆಲಾವೇಜ್ ಮೇಲಿಂದ ಒಬ್ಬೊಬ್ಬರ ಮುಖವನ್ನೇ ನೋಡುತ್ತ, ಬೇಕೆಂದೇ ನಿಧಾನವಾಗಿ ಒಂದು ಕೊಂಬೆ ಕಡಿದಳು. ಅದು ಅವರ ಕಾಲ ಬಳಿಯೇ ಬಿತ್ತು. ಅವಳ ಬಾಯಲ್ಲಿ ನಗು ಬರುತ್ತಿತ್ತು. ಈಗ ಹೇಳಿ, ಈಗ ಹೇಳಿ ನೋಡೋಣ.

ಜನರನ್ನು ಸರಿಸಿಕೊಂಡು ಮಾಮ್ ವಾಹೇದ್ ಮುಂದೆ ಬಂದ. ಕೋಲಿಗೆ ಎರಡೂ ಕೈ ಊರಿ, ಕತ್ತು ಹಿಂದಕ್ಕೆ ಬಾಗಿಸಿ, ಬಹಳ ಹೊತ್ತು ನೋಡಿದ. ಜಡೆ ನೋಡಿದ, ಬಿಲ್ಲೆ ನೋಡಿದ, ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದ.

"ದಣಿವಾಗ್ದಿರ್ಲಿ ಕಾಕ್ ಫತಾಹ್!" ಎಂದ.

ಅವಳಿಗೆ ಒಂದು ಕ್ಷಣ ಕೇಳಿದ್ದೇ ಅರ್ಥವಾಗಲಿಲ್ಲ. ಆಮೇಲೆ, ಇಷ್ಟು ವರ್ಷ ಆ ಮರಗಳ ಮೇಲೆ ಒಮ್ಮೆಯೂ ಬಿಡದ ದನಿಯನ್ನು ಬಿಟ್ಟು ಕಿರುಚಿದಳು: "ನಾನು ಗೆಲಾವೇಜ್, ಮಾಮ್ ವಾಹೇದ್! ಹಮಮೀನನ ಮಗಳು ಗೆಲಾವೇಜ್! ಕಣ್ಣು ಕಾಣ್ಸಲ್ವಾ ನಿಮಗೆ?"

ಗುಡ್ಡಕ್ಕೆಲ್ಲ ಕೇಳಿಸಿತು. ಮುದುಕನಿಗೂ ಕೇಳಿಸಿತು, ಅವನ ಕಿವಿ ಚೆನ್ನಾಗಿಯೇ ಇತ್ತು. ಅವನು ಮೆಲ್ಲಗೆ ತಲೆಯಾಡಿಸಿ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ ಹೇಳಿದ:

"ಆಯ್ತಪ್ಪಾ. ಮನೆಗ್ ಹೋದ್ಮೇಲೆ ಗೆಲಾವೇಜ್‌ಗೆ ನನ್ನ ಸಲಾಮು ಹೇಳು."

ಹೇಳಿ ಊರ ಕಡೆ ತಿರುಗಿ ನಡೆದ. ಹಿಂದಿದ್ದವರಿಗೆ ಉಸಿರು ಬಂದಂತಾಯಿತು. ಒಬ್ಬೊಬ್ಬರಾಗಿ ಮರದ ಕೆಳಗೆ ಬಂದು, ತಲೆಯೆತ್ತಿ, ಕೂಗಿ, ಮುಂದೆ ಹೋದರು. ದಣಿವಾಗ್ದಿರ್ಲಿ ಕಾಕ್ ಫತಾಹ್. ದಣಿವಾಗ್ದಿರ್ಲಿ ಕಾಕ್ ಫತಾಹ್. ಗೆಲಾವೇಜ್ ಕೊಂಬೆಗೆ ಒರಗಿಕೊಂಡು ಅವರನ್ನು ನೋಡುತ್ತಲೇ ಇದ್ದಳು. ಕೊನೆಯವನು ಕೂಗಿದಾಗ, ಮಚ್ಚು ಹಿಡಿದ ಅವಳ ಕೈ, ಇಷ್ಟು ವರ್ಷದ ರೂಢಿಗೆ, ತಾನಾಗಿಯೇ ಮೇಲೆದ್ದು ಅವನಿಗೆ ಉತ್ತರ ಕೊಟ್ಟುಬಿಟ್ಟಿತು.